ಹಿಡೀಬ್ಯಾಡ, ಹೊರು

ಹಾವಾಡಿಗರು ನಮ್ಮೂರಿಗೆ ವರ್ಷದಲ್ಲಿ ಎರಡು ಹಂಗಾಮಿಗೆ ಬರುತ್ತಿದ್ದರು. ಶ್ರಾವಣದ ಪಂಚಮಿಗೆ ಒಮ್ಮೆ, ಬಿಳಿಜೋಳದ ರಾಶಿ ಕಣದಲ್ಲಿದ್ದಾಗ ಇನ್ನೊಮ್ಮೆ. ಪಂಚಮಿಗೆ ಬಂದಾಗ ಹಾವು ತೋರಿಸಿ ಉಂಡಿ, ಹಾಲು, ಪುಡಿಗಾಸು ಒಯ್ಯುತ್ತಿದ್ದರು. ರಾಶಿಗೆ ಬಂದಾಗ ಹಾವು ಹಿಡಿದುಕೊಟ್ಟು ಜೋಳ ಒಯ್ಯುತ್ತಿದ್ದರು. ಹಾವಾಡಿಗ ಎಂದರೆ ಇವತ್ತು ಎಲ್ಲರ ಕಣ್ಣಮುಂದೆ ಬರುವವನು ಪಂಚಮಿಯವನು: ಪುಂಗಿ, ಬುಟ್ಟಿ, ತಲೆಗೊಂದು ರುಮಾಲು. ರಾಶಿಗೆ ಬರುತ್ತಿದ್ದವನ ಬಗ್ಗೆ ಬರೆದವರು ಕಡಿಮೆ. ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಅವನ ಸುದ್ದಿ.

ಮಮದಾಪುರ ಎಂದ ಕೂಡಲೇ ವಿಜಯಪುರದ ಕಡೆಯವರು ದೊಡ್ಡ ಕೆರೆಯಿರುವ ತಮ್ಮ ಆದಿಲಶಾಹಿ ಊರನ್ನು ನೆನೆಯುತ್ತಾರೆ. ಅದಲ್ಲ. ನಮ್ಮದು ಗೋಕಾಕ ತಾಲೂಕಿನ ಮಮದಾಪುರ. ಹೊರಗಿನವರಿಗೆ ಗೋಕಾಕ ಅಂದರೆ ಫಾಲ್ಸು, ಕರದಂಟು, ಮರದ ಗೊಂಬೆ, ಕನ್ನಡ ಚಳವಳಿ. ಊರೊಳಗಿನವರಿಗೆ ಅದು ಹೊಲ, ಹಗೇವು, ಬಣವಿಗಳ ಸೀಮೆ. ನಾನು ಇದೇ ಸೀಮೆಯ ಸಾಲಿಗಳಲ್ಲಿ ಮಾಸ್ತರಕಿ ಮಾಡಿ ನಿವೃತ್ತನಾದವನು. ಹಾವಿನ ಪಾಠವನ್ನು ಪುಸ್ತಕ ನೋಡಿ ಹೇಳಿಕೊಟ್ಟಿದ್ದೇನೆ. ಕಲಿತದ್ದು ಮಾತ್ರ ಬೇರೆ ಕಡೆ.

ಹಳೇ ಮನೆಗಳನ್ನು ನೋಡಿದವರಿಗೆ ಹಾವು ಯಾಕೆ ಬರುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಮ್ಯಾಳಿಗೆ, ಕಲ್ಲುಮಣ್ಣಿನ ಗೋಡೆ, ಗೋಡೆಯಲ್ಲಿ ಇಲಿಯ ಬಿಲ. ಅಂಗಳದ ಕೆಳಗೋ ಓಣಿಯ ಬದಿಗೋ ಹಗೇವು, ಅದರ ತುಂಬ ಜೋಳ. ಹಿತ್ತಲಲ್ಲಿ ಕಣಿಕಿಯ ಬಣವಿ, ಕುಳ್ಳಿನ ಒಟ್ಟಲು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗಪ್ಪ. ದನಕ್ಕೆ ಮೇವು ಹಾಕಲು ಬಣವಿ ಹಿರಿಯುವಾಗ ಬುಸ್ಸೆಂದರೆ ಮನೆಯ ಹೆಣ್ಣುಮಕ್ಕಳು ಕೈಮುಗಿದು ದೂರ ನಿಲ್ಲುತ್ತಿದ್ದರು, ಗಂಡಸರು ಬಡಿಗೆ ಹುಡುಕುತ್ತಿದ್ದರು. ಕಲ್ಲಿನ ನಾಗರಕ್ಕೆ ಹಾಲು, ನಿಜದ ನಾಗರಕ್ಕೆ ಕೋಲು ಎಂಬ ಈ ನಡತೆಯನ್ನು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಎತ್ತಿ ಆಡಿದ್ದಾನೆ. ನಾವು ಅದನ್ನು ಪ್ರಾರ್ಥನೆಯಂತೆ ಬಾಯಿಪಾಠ ಮಾಡಿಸಿದೆವೇ ಹೊರತು ಬಡಿಗೆ ಕೆಳಗಿಡಲಿಲ್ಲ.

ಬಡಿಗೆಗೂ ಕೈಮುಗಿಯುವುದಕ್ಕೂ ನಡುವೆ ಒಂದು ಮೂರನೇ ದಾರಿ ಇತ್ತು. ಅದು ಹಾವಾಡಿಗ. ಅವನನ್ನು ಕರೆಸಿದರೆ ಪಾಪವೂ ಬರುತ್ತಿರಲಿಲ್ಲ, ಹಾವೂ ಇರುತ್ತಿರಲಿಲ್ಲ. ಇದಕ್ಕಾಗಿ ಅವನಿಗೆ ಒಂದು ಮೊರದ ತುಂಬ ಜೋಳ, ಮನೆಯಾಕೆ ಉದಾರಿಯಾದರೆ ಹಳೇ ಧೋತರವೋ ಸೀರೆಯೋ. ಆಯಗಾರರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಬಡಿಗ, ಕಂಬಾರ, ನಾವಲಿಗನಿಗಿದ್ದ ಹಕ್ಕು ಅವನಿಗಿರಲಿಲ್ಲ. ಊರ ಹೊರಗೆ ಗುಡಾರ ಹಾಕಿ, ಕೊಟ್ಟದ್ದು ತೆಗೆದುಕೊಂಡು ಮುಂದಿನ ಊರಿಗೆ ಹೋಗುವವನು. ಆದರೂ ಕೆಲಸದ ಮಟ್ಟಿಗೆ ನೋಡಿದರೆ ಅವನೂ ಒಬ್ಬ ಆಯಗಾರನೇ ಎಂದು ನನ್ನ ವಾದ.

ಈ ಕಸುಬಿನ ವಯಸ್ಸನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಾಗನನ್ನು ಕಲ್ಲಿನಲ್ಲಿ ಕಡೆದ ಕೈಗಳು ನಮ್ಮ ನೆರೆಯಲ್ಲೇ ಇದ್ದವು: ಬಾದಾಮಿಯ ಮೊದಲನೇ ಗವಿಯ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜ ಆರನೇ ಶತಮಾನದವನು. ಹಾವು ಆಡಿಸುವವನು ಕಾಣಿಸಿಕೊಳ್ಳುವುದು ವಚನದಲ್ಲಿ. ಬಸವಣ್ಣನದೇ ಇನ್ನೊಂದು ವಚನದಲ್ಲಿ ಒಬ್ಬ ಹಾವಾಡಿಗ ತನ್ನ ಮೂಗಿಲ್ಲದ ಹೆಂಡತಿಯೊಡನೆ, ಕೈಯಲ್ಲಿ ಹಾವು ಹಿಡಿದು, ಮಗನ ಮದುವೆಗೆ ಶಕುನ ನೋಡಲು ಹೊರಡುತ್ತಾನೆ. ಎದುರಿಗೆ ತಮ್ಮಂಥದೇ ಜೋಡಿ ಬಂದರೆ ಅಪಶಕುನವಾಯಿತೆನ್ನುತ್ತಾನೆ. ತನ್ನ ತಾನರಿಯದವರನ್ನು ಗೇಲಿ ಮಾಡಲು ಬಸವಣ್ಣ ಈ ಜೋಡಿಯನ್ನು ಆರಿಸಿಕೊಂಡ. ವಚನದ ಅರ್ಥವನ್ನು ಪಂಡಿತರು ಬಿಡಿಸಲಿ. ನನಗೆ ಅದು ಚರಿತ್ರೆಯ ಸಾಕ್ಷಿಯೂ ಹೌದು. ಹಾವಾಡಿಗ ಆಗಲೇ ಬೀದಿಬೀದಿಯಲ್ಲಿ ಪರಿಚಿತನಾಗಿದ್ದ. ಅವನನ್ನು ಎದುರು ನೋಡುವುದೇ ಅಪಶಕುನ ಎಂಬ ಮಾತೂ ಆಗಲೇ ಇತ್ತು. ಕರೆಸಿ ಕೆಲಸ ಮಾಡಿಸಿಕೊಳ್ಳುವುದು, ಮುಖ ಕಂಡರೆ ಮುಖ ತಿರುಗಿಸುವುದು, ಎರಡೂ ಒಟ್ಟಿಗೇ ನಡೆದುಬಂದಿವೆ.

ನಮ್ಮ ಕಡೆ ಗಾರುಡಿಗ ಅಂತಲೂ ಕರೆಯುತ್ತಿದ್ದರು. ಅವನ ಚೀಲದಲ್ಲಿ ಹಾವೊಂದೇ ಇರುತ್ತಿರಲಿಲ್ಲ. ಮುಂಗುಸಿ, ಬೇರು, ತಾಯತ, ವಿಷ ಹೀರುತ್ತದೆಂದು ನಂಬಿಸುವ ಕಪ್ಪು ಕಲ್ಲು, ಕೈಚಳಕದ ಆಟದ ಸಾಮಾನು. ಕೆಲವು ಊರುಗಳಲ್ಲಿ ಮೋಡಿಯಾಟ ಎಂಬ ಪಂದ್ಯವೇ ನಡೆಯುತ್ತಿತ್ತು: ಒಬ್ಬ ಗಾರುಡಿಗ ನಿಂಬೆಹಣ್ಣು, ಗಡಿಗೆ ಇಟ್ಟು ಕಟ್ಟು ಹಾಕುವುದು, ಇನ್ನೊಬ್ಬ ಅದನ್ನು ಬಿಡಿಸಲು ಹೋಗಿ ಬಿದ್ದು ಹೊರಳುವುದು. ಜನ ಬಾಯಿ ತೆರೆದು ನೋಡುತ್ತಿದ್ದರು. ಆ ಕಪ್ಪು ಕಲ್ಲನ್ನು ನಂಬಿ ದವಾಖಾನೆಗೆ ಹೋಗದೆ ಸತ್ತವರ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಈ ಕಸುಬನ್ನು ನಾನು ಹೊಗಳಲು ಕೂತಿಲ್ಲ ಎಂಬುದು ಓದುವವರಿಗೆ ಮೊದಲೇ ತಿಳಿದಿರಲಿ.

ಹೊಗಳಲಾಗದ್ದರಲ್ಲಿ ದೊಡ್ಡದು ಪಂಚಮಿಯ ಹಾಲು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದರ ಹೊಟ್ಟೆ ಹಾಲನ್ನು ಅರಗಿಸುವುದಿಲ್ಲ. ಹಬ್ಬಕ್ಕೆ ಮುಂಚೆ ಅದಕ್ಕೆ ದಿನಗಟ್ಟಲೆ ನೀರು ಕೊಡದೆ ಬುಟ್ಟಿಯಲ್ಲಿಡುತ್ತಿದ್ದರು. ಬಾಯಾರಿದ ಜೀವ ಮುಂದೆ ಇಟ್ಟ ಯಾವ ಹನಿಗಾದರೂ ಬಾಯಿ ಹಾಕುತ್ತದೆ. ನಮ್ಮ ತಾಯಂದಿರು ಅದನ್ನು ಕಂಡು ನಾಗಪ್ಪ ಹಾಲು ಸ್ವೀಕರಿಸಿದನೆಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ವಿಷದ ಹಲ್ಲನ್ನು ಮುರಿಯುತ್ತಿದ್ದರು. ಮುರಿದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಸಾಲಾಗಿ ಕಾದಿರುತ್ತವೆ, ಕೆಲವು ವಾರಗಳಲ್ಲಿ ಮತ್ತೆ ಮೂಡುತ್ತವೆ. ಅದಕ್ಕೇ ಕೆಲವರು ತುಟಿಯನ್ನೇ ಹೊಲಿದುಬಿಡುತ್ತಿದ್ದರು. ಬಾಯಿ ಕೀವು ತುಂಬಿ, ಉಣ್ಣಲಾರದೆ ಹಾವು ಸಾಯುತ್ತಿತ್ತು. ಇನ್ನೊಂದು ಹಿಡಿದು ತರುತ್ತಿದ್ದರು. ಅಳ್ಳಿಟ್ಟು, ತಂಬಿಟ್ಟು, ಜೋಕಾಲಿ, ತವರಿಗೆ ಬಂದ ಅಕ್ಕಂದಿರು, ದಾರಕ್ಕೆ ಕಟ್ಟಿ ತಿರುಗಿಸುವ ಕೊಬ್ಬರಿ ಗಿಟಕು, ಇಷ್ಟೆಲ್ಲ ಚಂದದ ಹಬ್ಬದ ನಡುವೆ ಬಾಗಿಲಿಗೆ ಬರುತ್ತಿದ್ದ ಆ ಬುಟ್ಟಿಯೊಳಗೆ ಇದ್ದದ್ದು ಸಾಯುತ್ತಿದ್ದ ಪ್ರಾಣಿ.

ಎಲ್ಲರೂ ಹೀಗೆ ಮಾಡುತ್ತಿದ್ದರೇ? ರಾಶಿಯ ಕಾಲಕ್ಕೆ ನಮ್ಮ ಓಣಿಗೆ ಬರುತ್ತಿದ್ದ ಮುದುಕ ಹಲ್ಲು ಮುರಿಯುತ್ತಿರಲಿಲ್ಲ. ದಯೆಯಿಂದಲ್ಲ, ಲೆಕ್ಕದಿಂದ. ಹಲ್ಲು ಮುರಿದ ಹಾವು ಬೇಗ ಸಾಯುತ್ತದೆ, ಮತ್ತೊಂದಕ್ಕೆ ಅಲೆಯಬೇಕು. ಹಲ್ಲಿಲ್ಲದ ಹಾವಿನೊಡನೆ ಆಡಿದವನ ಕೈ ಮೈಗಳ್ಳ ಆಗುತ್ತದೆ ಎನ್ನುತ್ತಿದ್ದ. ಹುಡುಗರು ಅವನಿಗೆ ಅಜ್ಜಾ ಎನ್ನುತ್ತಿದ್ದೆವು. ಅವನ ಹೆಸರು ಊರಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

ಅವನು ಹಿಡಿಯುವುದನ್ನು ನೋಡಬೇಕಿತ್ತು. ಬಣವಿಯ ಹತ್ತಿರ ಬಂದವನೇ ಮೊದಲು ಸುತ್ತ ನೆರೆದವರನ್ನು ಹಿಂದೆ ಸರಿಸುತ್ತಿದ್ದ. ನೆಲ ನೋಡುತ್ತಿದ್ದ, ಧೂಳಲ್ಲಿ ಹರಿದ ಗುರುತು, ಬಿಟ್ಟ ಪೊರೆ, ಇಲಿಬಿಲದ ಬಾಯಿ. ಕಣಿಕಿಯನ್ನು ಮೇಲಿನಿಂದ ಒಂದೊಂದೇ ಸಿವುಡು ತೆಗೆಸುತ್ತಿದ್ದ. ಬಾಲ ಕಂಡರೆ ಎಡಗೈಯಿಂದ ಬಾಲ ಎತ್ತಿ, ಬಲಗೈಯ ಕೋಲನ್ನು ನಡುಮೈಗೆ ಆಸರೆ ಕೊಟ್ಟು ಹೊರಗೆ ತರುತ್ತಿದ್ದ. ಕುತ್ತಿಗೆ ಅಮುಕುವುದು ಬಹಳ ಕಡಿಮೆ. ಹೆಡೆ ಎತ್ತಲಿ ಎಂದು ಬಿಡುತ್ತಿದ್ದ. ಹೆಡೆ ಎತ್ತಿದ ನಾಗರ ನೋಡಲು ಭಯಂಕರ. ಹಿಡಿಯುವವನಿಗೆ ಮಾತ್ರ ಅದೇ ಅನುಕೂಲ. ಎತ್ತಿ ನಿಂತಾಗ ಅದು ಮುಂದಕ್ಕಷ್ಟೇ ಬೀಳಬಲ್ಲದು, ಎತ್ತಿದ ಮೈಯಷ್ಟು ದೂರಕ್ಕೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಹೊಡೆಯುತ್ತದೆ, ಹೆದರಿಸಲೆಂದು. ಕಣ್ಣು ಅಲುಗಾಡುವುದರ ಮೇಲೇ ಇರುತ್ತದೆ. ಆದ್ದರಿಂದ ಒಂದು ಕೈಯ ಮುಷ್ಟಿಯನ್ನು ಅತ್ತಿತ್ತ ಆಡಿಸಿ, ಇನ್ನೊಂದು ಕೈಯನ್ನು ಕಲ್ಲಿನಂತೆ ನಿಲ್ಲಿಸಿದರೆ, ನಿಂತ ಕೈ ಹಾವಿನ ಲೆಕ್ಕದಲ್ಲಿಲ್ಲ. ಕೊಳಕುಮಂಡಲ ಸಿಕ್ಕರೆ ಈ ಯಾವ ಆಟವೂ ಇಲ್ಲ. ಅದಕ್ಕೆ ಹೆಡೆ ಇಲ್ಲ, ಮುನ್ಸೂಚನೆ ಎಂದರೆ ಕುಕ್ಕರಿನಂಥ ಸೀಟಿ ಮಾತ್ರ, ಹೊಡೆತ ಕಣ್ಣಿಗೆ ಕಾಣುವುದಿಲ್ಲ. ಆಗ ಅಜ್ಜ ಮಾತು ನಿಲ್ಲಿಸುತ್ತಿದ್ದ.

ಪುಂಗಿ ಇದಕ್ಕೆಲ್ಲ ಬೇಕಾಗಿರಲಿಲ್ಲ. ಒಣಗಿದ ಸೋರೆ ಬುರುಡೆಗೆ ಎರಡು ಕೊಳವೆ ಸಿಗಿಸಿ ಮೇಣ ಮೆತ್ತಿದ ವಾದ್ಯ ಅದು. ಒಂದು ಕೊಳವೆ ರಾಗಕ್ಕೆ, ಇನ್ನೊಂದು ಶ್ರುತಿಗೆ. ಹಾವಿಗೆ ಹೊರಗಿವಿ ಇಲ್ಲ. ನೆಲದ ನಡುಕವನ್ನು ದವಡೆಯ ಎಲುಬಿನಿಂದ ಅರಿಯುತ್ತದೆ. ಗಾಳಿಯಲ್ಲಿ ಬರುವ ಸದ್ದನ್ನೂ ಅದು ಕೇಳಿಸಿಕೊಳ್ಳುತ್ತದೆ ಎಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ, ಆದ್ದರಿಂದ ಪೂರ್ತಿ ಕಿವುಡು ಎನ್ನುವಂತಿಲ್ಲ. ಅದೇನೇ ಇದ್ದರೂ ಬೀದಿಯ ಆಟದಲ್ಲಿ ಅದು ತೂಗುವುದು ರಾಗಕ್ಕಲ್ಲ, ಕಣ್ಣೆದುರು ತೂಗುವ ಬುರುಡೆಗೆ. ಪುಂಗಿ ಕರೆಯುತ್ತಿದ್ದುದು ಹಾವನ್ನಲ್ಲ, ಜನರನ್ನು.

ಅಜ್ಜನ ಜೊತೆ ಮೊಮ್ಮಗ ಬರುತ್ತಿದ್ದ, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ನಾವು ಪಾಟಿ ಹಿಡಿದು ಸಾಲಿಗೆ ಹೋಗುವಾಗ ಅವನ ತೊಡೆಯ ಮೇಲೆ ಒಂದು ಮಣ್ಣುಮುಕ್ಕನ ಮರಿ ಇರುತ್ತಿತ್ತು. ಎರಡು ತಲೆ ಹಾವು ಎಂದು ಜನ ಕರೆಯುವುದು ಇದನ್ನೇ. ಬಾಲವೂ ತಲೆಯಂತೆ ಮೊಂಡಾಗಿರುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ವಿಷವಿಲ್ಲ, ಕಚ್ಚುವ ಸ್ವಭಾವವೂ ಇಲ್ಲವೆಂಬಷ್ಟು ಕಡಿಮೆ. ಅವರ ಮನೆತನದಲ್ಲಿ ಹುಡುಗರ ಅಕ್ಷರಾಭ್ಯಾಸ ಅದರಿಂದ.

ಆ ಪಾಠವನ್ನು ನಾನು ಹತ್ತಿರ ಕುಳಿತು ಕೇಳಿದ್ದೇನೆ. ಹುಡುಗ ಮರಿಯನ್ನು ಮುಷ್ಟಿಯಲ್ಲಿ ಬಿಗಿದರೆ ಅಜ್ಜ ಕೈಗೊಂದು ಏಟು ಕೊಡುತ್ತಿದ್ದ. "ಹಿಡೀಬ್ಯಾಡ, ಹೊರು" ಎನ್ನುತ್ತಿದ್ದ. ಮೇಲಿನಿಂದ ಕೈ ಬಂದರೆ ಹಾವಿಗೆ ಅದು ಹದ್ದು, ಆದ್ದರಿಂದ ಬದಿಯಿಂದ ಕೈ ಚಾಚಬೇಕು. ತಲೆ ಮುಟ್ಟಬಾರದು. ಮೈಯ ಕೆಳಗೆ ಎರಡೂ ಅಂಗೈ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹರಿಯಲು ಬಿಡಬೇಕು. ಅದು ಹೋದತ್ತ ಕೈ ಹೋಗಬೇಕು. ಹೊಸದಾಗಿ ತಂದ ಹಾವನ್ನು ಕೆಲವು ದಿನ ಕತ್ತಲೆಯ ತಂಪು ಜಾಗದಲ್ಲಿ ಬುಟ್ಟಿ ಮುಚ್ಚಿಟ್ಟು ಸುಮ್ಮನಿರಬೇಕು. ನುಂಗಿದ ಮೇಲೆ ಎತ್ತಬಾರದು, ಎತ್ತಿದರೆ ಕಕ್ಕುತ್ತದೆ. ಕಣ್ಣು ಹಾಲುಬೆರೆತ ನೀಲಿಯಾದರೆ ಪೊರೆ ಬಿಡುವ ಹೊತ್ತು. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಕಾಣದ್ದಕ್ಕೆ ಸಿಟ್ಟು ಹೆಚ್ಚು, ಬುಟ್ಟಿಯ ಹತ್ತಿರವೂ ಸುಳಿಯಬಾರದು. ಮಣ್ಣುಮುಕ್ಕ ಆದಮೇಲೆ ಕೇರೆ ಹಾವು. ಅದು ಬಲು ಚುರುಕು, ಕಚ್ಚಿದರೆ ನೆತ್ತರು ಬರುತ್ತದೆ, ಜೀವ ಹೋಗುವುದಿಲ್ಲ. ನಾಗರ ಕೊನೆಗೆ.

ನಾಗರದ ಮರಿಯನ್ನು ಮಾತ್ರ ಅಜ್ಜ ಮುಟ್ಟಗೊಡುತ್ತಿರಲಿಲ್ಲ. ಬೇಸಿಗೆಯಲ್ಲಿ ಹೆಣ್ಣು ನಾಗರ ಇಲಿಬಿಲದಲ್ಲೋ ಹುತ್ತದಲ್ಲೋ ಹತ್ತಿಪ್ಪತ್ತು ಮೊಟ್ಟೆ ಇಟ್ಟು ಹತ್ತಿರವೇ ಕಾಯುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ ಮೊಟ್ಟೆ ಒಡೆದು ಮರಿ ಬರುತ್ತವೆ. ಗೇಣಿಗಿಂತ ಒಂಚೂರು ಉದ್ದ, ಅಷ್ಟರಲ್ಲೇ ಪುಟ್ಟ ಹೆಡೆ, ಹುಟ್ಟಿದ ಗಳಿಗೆಯಿಂದಲೇ ವಿಷ. ಮರಿಯ ವಿಷ ತಾಯಿಯದಕ್ಕಿಂತ ಜೋರು ಎಂಬ ಮಾತು ನಮ್ಮಲ್ಲಿದೆ. ವಿಷದ ಚೀಲದಲ್ಲಿರುವುದೇ ಕಡಿಮೆಯಾದ್ದರಿಂದ ದೊಡ್ಡದರಷ್ಟು ಅಪಾಯವಿಲ್ಲ, ಹಾಗೆಂದು ಆಟಿಕೆಯೂ ಅಲ್ಲ. ಅಜ್ಜನ ಕಾರಣ ಬೇರೆಯಿತ್ತು. "ದೊಡ್ಡ ಹಾಂವು ಮದಲ ಹೆದರಸ್ತೈತಿ, ಆಮ್ಯಾಲ ಕಡೀತೈತಿ. ಮರೀಗೆ ಹೆದರ್ಸಾಕ ಬರೂದಿಲ್ಲೋ ತಮ್ಮಾ. ಅದಕ್ಕ ಎಲ್ಲಾರೂ ವೈರಿಗೋಳ."

ಹಾಗಾದರೆ ನಾಗರ ನಿನಗೆ ಪಳಗಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕದ್ದು ಈಗಲೂ ಕಿವಿಯಲ್ಲಿದೆ. "ನಾಯಿ ಪಳಗತೈತಿ, ಗಿಳಿ ಪಳಗತೈತಿ. ಹಾಂವ ನಿನ್ನ ಗುರ್ತಾ ಹಿಡ್ಯಾಂಗಿಲ್ಲ. ನಿನ್ನ ಕೈ ಅದಕ್ಕ ರೂಢಿ ಆಕ್ಕೈತಿ, ಅಷ್ಟ. ಇವತ್ತ ರೂಢಿ ಆಗಿದ್ದು ನಾಳೆ ಮರೀತೈತಿ." ಪ್ರಾಣಿಶಾಸ್ತ್ರದವರು ಇದನ್ನೇ ಉದ್ದದ ಮಾತಿನಲ್ಲಿ ಹೇಳುತ್ತಾರೆ.

ಇಂಗ್ಲಿಷರು ಈ ವಿದ್ಯೆಯ ಬೆಲೆಯನ್ನು ತಮ್ಮ ಅಗತ್ಯಕ್ಕೆ ತಕ್ಕಷ್ಟು ಅರಿತಿದ್ದರು. 1872ರಲ್ಲಿ ವೈದ್ಯ ಜೋಸೆಫ್ ಫೇರರ್ ಭಾರತದ ವಿಷಸರ್ಪಗಳ ಬಗ್ಗೆ ದೊಡ್ಡ ಚಿತ್ರಗ್ರಂಥ ತಂದ. ಅವನ ಪ್ರಯೋಗಗಳ ಹಿಂದೆ ಹಾವು ಹಿಡಿದು ಕೊಟ್ಟ ಕೈಗಳು ಹಾವಾಡಿಗರವು. ಅದೇ ಸರಕಾರ ಸತ್ತ ಹಾವಿಗೆ ಇನಾಮೂ ಕೊಡುತ್ತಿತ್ತು. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರದ ವಿಷದಿಂದಲೇ ಪ್ರತಿವಿಷ ಮಾಡಿ ತೋರಿಸಿದ ಮೇಲೆ ಜೀವಂತ ಹಾವಿಗೆ ಹೊಸ ಬೆಲೆ ಬಂತು. ಮುಂದೆ ಮುಂಬಯಿಯ ಹಾಫ್ಕಿನ್ ಸಂಸ್ಥೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುವ ಚುಚ್ಚುಮದ್ದು ತಯಾರಿಸಿತು. ಅದು ನಮಗೆ ಹೊರಗಿನ ಸಂಸ್ಥೆಯಲ್ಲ, 1956ರವರೆಗೆ ನಾವು ಮುಂಬಯಿ ರಾಜ್ಯದವರೇ.

1972ರಲ್ಲಿ ಎರಡು ಸಂಗತಿ ನಡೆದವು. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರ ಬಂತು, ಅದು ಎಲ್ಲರಿಗೂ ಗೊತ್ತಾಯಿತು. ದಿಲ್ಲಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದು ನಮ್ಮೂರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಾಯ್ದೆಯ ಪ್ರಕಾರ ಹಾವು ಹಿಡಿಯುವುದೂ ಬೇಟೆಯೇ. ಸುದ್ದಿ ನಿಧಾನಕ್ಕೆ ತಲುಪಿತು, ಕಾಗದದ ರೂಪದಲ್ಲಲ್ಲ, ಸಂತೆಯಲ್ಲಿ ಬುಟ್ಟಿ ಕಸಿದುಕೊಳ್ಳುವ ಖಾಕಿ ಕೈಯ ರೂಪದಲ್ಲಿ. ಹಾವಿಗೆ ಆ ಕಾಯ್ದೆ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಚರ್ಮದ ವ್ಯಾಪಾರ ಆಗ ಹೇಗಿತ್ತೆಂದರೆ, ಚೀಲ ಪಟ್ಟಿಗಳಿಗಾಗಿ ಲಕ್ಷಗಟ್ಟಲೆ ಹಾವು ಸುಲಿದು ಹೊರದೇಶಕ್ಕೆ ಕಳಿಸುತ್ತಿದ್ದರು. ಆ ರಫ್ತು ನಿಂತದ್ದು 1976ರಲ್ಲಿ.

ಇಲ್ಲಿಂದ ಕತೆ ಎರಡು ದಾರಿ ಹಿಡಿಯುತ್ತದೆ. ತಮಿಳುನಾಡಿನ ಇರುಳರು ಆ ಚರ್ಮದ ವ್ಯಾಪಾರಕ್ಕೇ ಹಾವು ಹಿಡಿಯುತ್ತಿದ್ದವರು. ರಫ್ತು ನಿಂತಾಗ ಒಂದೇ ಏಟಿಗೆ ಅನ್ನ ಹೋಯಿತು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಮುಂದೆ ನಿಂತು 1978ರಲ್ಲಿ ಇರುಳರ ಸಹಕಾರಿ ಸಂಘ ಕಟ್ಟಿಸಿದರು. ಸರಕಾರದ ಪರವಾನಗಿ ಪಡೆದು ಹಾವು ಹಿಡಿಯುವುದು, ಕೆಲವು ವಾರ ಮಣ್ಣಿನ ಗಡಿಗೆಯಲ್ಲಿಟ್ಟು ವಿಷ ತೆಗೆಯುವುದು, ಗುರುತು ಹಾಕಿ ಮತ್ತೆ ಬಯಲಿಗೆ ಬಿಡುವುದು. ದೇಶದ ಪ್ರತಿವಿಷ ಕಾರ್ಖಾನೆಗಳಿಗೆ ಹೋಗುವ ವಿಷದ ಬಹುಪಾಲು ಅವರದೇ ಕೈಯದು. 2023ರಲ್ಲಿ ಅವರಲ್ಲಿ ಇಬ್ಬರು, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್, ಪದ್ಮಶ್ರೀ ಪಡೆದರು. ಅದಕ್ಕೂ ಮುಂಚೆ 2017ರಲ್ಲಿ ಇವರಿಬ್ಬರನ್ನು ಅಮೆರಿಕದ ಫ್ಲಾರಿಡಾದವರು ಕರೆಸಿಕೊಂಡಿದ್ದರು. ಯಾಕೆಂದರೆ ಅಲ್ಲಿನ ಜನ ಬರ್ಮಾದ ಹೆಬ್ಬಾವಿನ ಮರಿಗಳನ್ನು ಮುದ್ದಿಗೆ ಸಾಕಿ, ಬೆಳೆದು ಮನೆಗೆ ಹಿಡಿಸದಾದಾಗ ಜೌಗಿಗೆ ಬಿಟ್ಟು ಬಂದಿದ್ದರು. ಅವು ಅಲ್ಲಿನ ಮೊಲ, ಜಿಂಕೆಗಳನ್ನೆಲ್ಲ ನುಂಗುತ್ತಿದ್ದವು. ನಾಯಿ, ಯಂತ್ರ, ಬೇಟೆಗಾರರಿದ್ದೂ ಹುಡುಕಲಾರದ್ದನ್ನು ಇವರು ಹುಲ್ಲಿನ ಮೇಲಿನ ಗುರುತು ನೋಡಿ ಎರಡು ವಾರದೊಳಗೆ 13 ಹಿಡಿದುಕೊಟ್ಟರು.

ಎರಡನೇ ದಾರಿ ನಮ್ಮದು. ಕಾಯ್ದೆ ಬಂತು, ಸಂಘ ಬರಲಿಲ್ಲ. ಪಂಚಮಿಯ ಆಟವನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಿದರು. ಅದರ ಜೊತೆಗೇ ಬಣವಿಯ ಕೆಲಸವೂ ನಿಂತಿತು, ಅದನ್ನು ಯಾರೂ ಗಮನಿಸಲಿಲ್ಲ. ರಾಜಸ್ಥಾನದ ಕಾಲ್‌ಬೇಲಿಯಾಗಳು ಹಾವು ಬಿಟ್ಟು ಕುಣಿತಕ್ಕೆ ತಿರುಗಿದರು, 2010ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದರು. ನಮ್ಮವರಿಗೆ ಕುಣಿತವೂ ಇರಲಿಲ್ಲ. ಕೆಲವರು ಬಾಚಣಿಗೆ, ಪಿನ್ನು ಮಾರಿದರು, ಕೆಲವರು ಗಾರೆ ಕೆಲಸಕ್ಕೆ ಹೋದರು. ಕೆಟ್ಟ ದಾರಿಯೂ ಒಂದಿತ್ತು: ಅಕ್ಷರಾಭ್ಯಾಸದ ಅದೇ ಮಣ್ಣುಮುಕ್ಕ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆಂದು ನಂಬುವ ಶ್ರೀಮಂತರು ತೂಕದ ಮೇಲೆ ರೇಟು ಕಟ್ಟಿದರು. ಎರಡು ತಲೆ ಹಾವು ಸಾಗಿಸುತ್ತಿದ್ದವರ ಬಂಧನ ಎಂಬ ಸುದ್ದಿ ಇಂದಿಗೂ ಪೇಪರಿನಲ್ಲಿ ಬರುತ್ತದೆ. ಬಂಧನವಾಗುವವರು ಚೀಲ ಹೊತ್ತವರು, ಕೊಳ್ಳುವವರ ಹೆಸರು ನಾನು ಓದಿದ್ದು ಅಪರೂಪ.

ಕೊಲ್ಲಾಪುರ ದಾಟಿದರೆ ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳ. ನಮ್ಮ ಗಡಿಯವರು ಲಾರಿ, ಜೀಪು ಹತ್ತಿ ಪಂಚಮಿಗೆ ಅಲ್ಲಿಗೆ ಹೋಗುತ್ತಿದ್ದರು. ಗೋರಖನಾಥ ಭಿಕ್ಷೆಗೆ ಬಂದಾಗ ಮನೆಯಾಕೆ ಮಣ್ಣಿನ ನಾಗನನ್ನು ಪೂಜಿಸುತ್ತಿದ್ದಳು, ಅವನು ಅದಕ್ಕೆ ಜೀವ ತುಂಬಿದ ಎಂಬುದು ಅಲ್ಲಿನ ಕತೆ. ಊರವರೇ ದಿನಗಟ್ಟಲೆ ಮುಂಚೆ ಹೊಲದಲ್ಲಿ ಹಾವು ಹಿಡಿದು, ಗಡಿಗೆಯಲ್ಲಿಟ್ಟು, ಹಬ್ಬದಂದು ಅಂಬಾಮಾತೆಯ ಗುಡಿಗೆ ಒಯ್ದು ಮೆರೆಸಿ, ಹಿಡಿದಲ್ಲೇ ಬಿಟ್ಟು ಬರುವುದು ಕಟ್ಟಳೆ. ಮುಂಬಯಿ ಹೈಕೋರ್ಟಿನ ಆದೇಶಗಳ ನಂತರ ಅದು ನಿಂತು, ಪ್ರತಿಮೆಯ ಪೂಜೆ ಉಳಿಯಿತು. 2025ರ ಪಂಚಮಿಗೆ ಕೇಂದ್ರ ಪರಿಸರ ಮಂತ್ರಾಲಯ, ತಿಳಿವಳಿಕೆ ನೀಡುವ ಉದ್ದೇಶಕ್ಕಷ್ಟೇ ಎಂದು ಷರತ್ತು ಹಾಕಿ, 21 ನಾಗರ ಹಿಡಿಯಲು ಅನುಮತಿ ಕೊಟ್ಟಿತು. ವೋಟುಳ್ಳ ಒಂದು ಇಡೀ ಊರು ಕೇಳಿದರೆ ಸರಕಾರಕ್ಕೆ ಕೇಳಿಸುತ್ತದೆ. ಊರ ಹೊರಗಿನ ಗುಡಾರದವನ ಮಾತು ಬೇರೆ.

ನಮ್ಮ ಸೀಮೆಯಲ್ಲಿ ಹಾವಾಡಿಗ ಮರೆಯಾದ ಕಾಲಕ್ಕೇ ಹಾವಿಗೆ ಒಳ್ಳೆಯ ದಿನ ಬಂದವು. ಎಪ್ಪತ್ತರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಆಣೆಕಟ್ಟು ಎದ್ದಿತು, ಘಟಪ್ರಭೆಯ ಕಾಲುವೆ ನೀರು ಹೊಲಕ್ಕೆ ಬಂತು. ಜೋಳ ಹಿಂದೆ ಸರಿದು ಕಬ್ಬು ನಿಂತಿತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಆಮೇಲೆ ಎಣಿಸಲಾರದಷ್ಟು ಕಾರ್ಖಾನೆಗಳು. ಹಗೇವು ಮುಚ್ಚಿದವು, ಇಲಿಗಳು ಹೊಲಕ್ಕೆ ಹೋದವು, ಹಾವುಗಳು ಹಿಂದೆಯೇ ಹೋದವು. ಕಬ್ಬಿನ ಪಡದಲ್ಲಿ ವರ್ಷಪೂರ್ತಿ ನೆರಳು, ತಂಪು, ಮೊಣಕಾಲುದ್ದ ರವದಿ. ಕೊಳಕುಮಂಡಲ ರವದಿಯ ಬಣ್ಣದಲ್ಲಿ ಕಲೆತರೆ ಒಳ್ಳೆಯ ಕಣ್ಣಿನವನಿಗೂ ಕಾಣದು. ಕಾರ್ಖಾನೆ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಮಹಾರಾಷ್ಟ್ರದ ಬೀಡದ ಕಡೆಯವರು, ವಿಜಯಪುರದ ಕಡೆಯವರು. ಅವರ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕೊಯ್ತ. ರಾತ್ರಿ ಮಲಗುವುದು ಹೊಲದ ಬದಿಯ ಕೊಪ್ಪಿನಲ್ಲಿ, ನೆಲದ ಮೇಲೆ. ಕಟ್ಟುಹಾವು ಕಚ್ಚುವುದು ಅಲ್ಲೇ, ನಿದ್ದೆಯಲ್ಲಿ, ನೋವೂ ಗೊತ್ತಾಗದ ಹಾಗೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರು, ಅಂದರೆ ವರ್ಷಕ್ಕೆ 58,000 ಎಂದು 2020ರ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ದೇಶದಲ್ಲೇ ಮೊದಲು. ಒಳ್ಳೆಯ ಕೆಲಸ. ಎಣಿಸಿದರೆ ತಾನೇ ಔಷಧ ಎಷ್ಟು ಬೇಕೆಂದು ತಿಳಿಯುವುದು.

ಆ ಔಷಧದಲ್ಲಿ ಒಂದು ತೊಡಕಿದೆ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ. ಬಹುಪಾಲು ವಿಷ ತಮಿಳುನಾಡಿನ ಹಾವುಗಳದಾದ್ದರಿಂದ ಬೇರೆ ಪ್ರಾಂತಗಳ ಕೆಲವು ಹಾವುಗಳಿಗೆ ಚುಚ್ಚುಮದ್ದು ಸಾಕಷ್ಟು ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಮತ್ತು ಸಂಗಡಿಗರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜನ ಗಡಿಗೆ, ಬುಟ್ಟಿ ನೆನಪಾದವು. 1978ರಲ್ಲಿ ಇರುಳರಿಗೆ ಸಂಘವಾದಂತೆ ಗೋಕಾಕಿನಲ್ಲೋ ಬೆಳಗಾವಿಯಲ್ಲೋ ಹಾವಾಡಿಗರ ಸಂಘವೊಂದು ಆಗಿದ್ದರೆ, ಘಟಪ್ರಭೆಯ ದಂಡೆಯ ಹಾವಿನ ವಿಷ ಆ ಸೀಸೆಯಲ್ಲಿ ಇರುತ್ತಿತ್ತು. ಹಿಡಿಯಬಲ್ಲವರು ಆಗ ಇನ್ನೂ ಇದ್ದರು.

ಹೋದ ವರ್ಷ ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋಗಿದ್ದೆ. ಹುಡುಗನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಬಾಲ್ ಪೈಥಾನ್ ಎಂಬ ಹಾವಿನ ಮರಿ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ ಕಡೆಯ ಜಾತಿ. ಹೆದರಿದರೆ ಚೆಂಡಿನಂತೆ ಮುದುಡಿಕೊಳ್ಳುತ್ತದೆ. ನಮ್ಮ ದೇಶದ ಹಾವು ಸಾಕಿದರೆ ಜೈಲು, ಹೊರದೇಶದ್ದಾದರೆ ಹೆಸರು ನೋಂದಾಯಿಸಿದರೆ ಸಾಕು. 2020ರಲ್ಲಿ ತಾವಾಗಿ ತಿಳಿಸಿ ಎಂದರು, 2024ರಲ್ಲಿ ನಿಯಮವನ್ನೇ ಮಾಡಿದರು. "ಕಾಗದ ಪತ್ರ ಎಲ್ಲಾ ಮಾಡಿಸೇನಿ, ಮಾವಾ" ಎಂದು ಹುಡುಗ ಮೊದಲೇ ಹೇಳಿದ. ಸಾಕುವವರಿಗೆ ಕೊಡುವ ಸೂಚನೆಗಳನ್ನು ಓದಿ ತೋರಿಸಿದ. ತಂದ ಮೇಲೆ ಒಂದು ವಾರ ಮುಟ್ಟಬೇಡಿ. ತಿಂದ ಮೇಲೆ ಎರಡು ದಿನ ಎತ್ತಬೇಡಿ. ಪೊರೆ ಬಿಡುವಾಗ ಬಿಟ್ಟುಬಿಡಿ. ಮೇಲಿನಿಂದ ಕೈ ತರಬೇಡಿ, ಮೈಗೆ ಎರಡೂ ಕೈ ಆಸರೆ ಕೊಡಿ. ದಿನಕ್ಕೆ ಕೆಲವೇ ನಿಮಿಷ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸೋಪೊಂದು ಬಿಟ್ಟರೆ ಎಲ್ಲವನ್ನೂ ನಾನು ಬಣವಿಯ ನೆರಳಲ್ಲಿ ಕೇಳಿದ್ದೆ. ಅದರ ಬೆಲೆ ಎಷ್ಟು ಎಂದು ಕೇಳಿದೆ. ಹುಡುಗ ಹೇಳಿದ ಹಣದಲ್ಲಿ ಅಜ್ಜ ಒಂದು ಎಮ್ಮೆ ಕೊಳ್ಳುತ್ತಿದ್ದ.

ಈಗ ಊರಲ್ಲಿ ಹಾವು ಕಂಡರೆ ಫೋನು. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಹೆಸರಾದಂತೆ ಈಗ ಎಲ್ಲ ಪಟ್ಟಣಗಳಲ್ಲಿ ಒಬ್ಬಿಬ್ಬರು ಇದ್ದಾರೆ. ಕಲಿತ ಹುಡುಗರು, ಉಕ್ಕಿನ ಕೊಕ್ಕೆ, ಪೈಪಿಗೆ ಕಟ್ಟಿದ ಚೀಲ, ಮೊಬೈಲಿನಲ್ಲಿ ವೀಡಿಯೊ. ಒಳ್ಳೆಯವರು, ಹಾವನ್ನು ಕೊಲ್ಲದೆ ಒಯ್ದು ಬಿಡುತ್ತಾರೆ. ಪೆಟ್ರೋಲಿನ ದುಡ್ಡು ಕೊಟ್ಟರೆ ತೆಗೆದುಕೊಳ್ಳುತ್ತಾರೆ. ವೀಡಿಯೊ ಚಲೋ ಬರಲೆಂದು ನಾಗರಕ್ಕೆ ಮುತ್ತಿಡಲು ಹೋಗಿ ಸತ್ತವರ ಸುದ್ದಿಯನ್ನೂ ಓದಿದ್ದೇನೆ. ಪಂಚಮಿಯ ಆಟ ಹೀಗೆ ಬೇರೆ ಬಾಗಿಲಿಂದ ಒಳಗೆ ಬಂದಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಕಬ್ಬಿನ ಪಡದ ನಡುವೆ ಗ್ಯಾಂಗಿನವರು ಕೂಗಿಕೊಂಡಾಗ ಗೋಕಾಕದಿಂದ ಹುಡುಗ ಬರುವಷ್ಟರಲ್ಲಿ ಹಾವು ಹೋಗಿರುತ್ತದೆ, ಇಲ್ಲವೇ ಕೊಯ್ತಕ್ಕೆ ಸಿಕ್ಕಿರುತ್ತದೆ.

ಅಂಥ ಹೊತ್ತಿನಲ್ಲಿ ಅವರು ಕರೆಯುವುದು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಒಬ್ಬನನ್ನು. ಅಜ್ಜನ ಮೊಮ್ಮಗ. ತಲೆ ಪೂರ್ತಿ ನೆರೆತಿದೆ. ಕೊಕ್ಕೆಯಿಲ್ಲ, ಚೀಲವಿಲ್ಲ, ಟ್ರ್ಯಾಕ್ಟರಿನ ಬೆಳಕು ಹಾಕಿ, ಒಂದು ಕಬ್ಬಿನ ಜಲ್ಲೆ ಮುರಿದುಕೊಂಡು ಇಳಿಯುತ್ತಾನೆ, ಹಾವನ್ನು ಜಲ್ಲೆಯ ಮೇಲೆ ಹೊತ್ತು ಕಾಲುವೆಯಾಚೆ ಬಿಟ್ಟು ಬರುತ್ತಾನೆ. ದುಡ್ಡು ಮುಟ್ಟುವುದಿಲ್ಲ, ಕೇಸಾದರೆ ಎಂದು ಹೆದರಿಕೆ. ಈ ಲೇಖನ ಬರೆಯುತ್ತಿರುವುದನ್ನು ಹೇಳಿದಾಗ ಅವನು ಬೀಡಿ ಆರಿಸಿ ನನ್ನ ಮುಖ ನೋಡಿದ.

"ಅಜ್ಜಂದು ಬೇಕಾದಷ್ಟು ಬರೀರಿ ಮಾಸ್ತರ. ನಂದು ಬರದ್ರ ಮಾತ್ರ ನಾ ಯಾ ಕಾರ್ಖಾನಿಗೆ ಗಾಡಿ ಹೊಡೀತೀನಿ ಅಂತ ಬರೀಬ್ಯಾಡ್ರಿ."